ಕಾಣದ ಕ್ಷಾಮ, ಒಡೆದ ಸಂಘ: ಭದ್ರಬಾಹು ಕಥನದ ಒಂದು ಮರುಓದು

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು, ‘ಬೆಂಗಳೂರು’ ಎಂಬ ಹೆಸರನ್ನುಳ್ಳ ಸುಮಾರು ಕ್ರಿ.ಶ. 890ರ ಶಾಸನದಿಂದಾಗಿ ಇತಿಹಾಸಾಸಕ್ತರಿಗೆ ಪರಿಚಿತ. ಅದೇ ಊರು ಗಂಗರ ಕಾಲದಲ್ಲಿ ಜೈನರ ನೆಲೆಯೂ ಆಗಿತ್ತು. ಗಂಗರ ಅಧಿಕಾರಿ ನಾಗತ್ತರನ ಮಗಳು ತೊಂಡಬ್ಬೆಯು ಸನ್ಯಸನ ವಿಧಿಯಿಂದ ಮುಡಿಪಿದುದನ್ನು ಅಲ್ಲಿನ ನಿಸಿದಿಗಲ್ಲು ಸ್ಮರಿಸುತ್ತದೆ. ಹೆಚ್ಚುಕಡಿಮೆ ಅದೇ ಕಾಲದ, ಶ್ರೀರಂಗಪಟ್ಟಣ ಸೀಮೆಯ ಎರಡು ಶಾಸನಗಳು, ಕಳ್ಬಪ್ಪು ಬೆಟ್ಟದ ಶಿಖರವು ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಮುದ್ರೆಗಳಿಂದ ಪಾವನವಾದುದೆಂದು ಹೇಳುತ್ತವೆ. ಗಂಗನಾಡಿನ ಶ್ರಾವಕ ಶ್ರಾವಿಕೆಯರಿಗೆ ಆ ಬೆಟ್ಟ ಸಮಾಧಿಮರಣದ ಆದರ್ಶ. ಆದರೆ ಆ ಪಾದಮುದ್ರೆಗಳ ಹಿಂದೆ ಒಂದೇ ಗುರುಪರಂಪರೆಯ ಸಹಚರರು ಬೇರೆಬೇರೆ ದಾರಿ ಹಿಡಿದ ಕಥೆಯೊಂದಿದೆ.

ಈ ಪ್ರಸಂಗದ ಅತಿ ಹಳೆಯ ಶಾಸನಾಧಾರ, ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಬಳಿಯಿರುವ ಸುಮಾರು 600ರ ಸಂಸ್ಕೃತ ಶಾಸನ. ಅಷ್ಟಾಂಗ ನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುನ್ನುಡಿದರೆಂದೂ, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು ಸಮೃದ್ಧವಾದ ಜನಪದವನ್ನು ಸೇರಿತೆಂದೂ ಅದು ಹೇಳುತ್ತದೆ. ಬಳಿಕ ಆಚಾರ್ಯ ಪ್ರಭಾಚಂದ್ರರು ಸಂಘವನ್ನು ಮುಂದೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಕಟವಪ್ರದಲ್ಲಿ ನಿಂತು ದೇಹತ್ಯಾಗ ಮಾಡಿದರು. ಗಮನಿಸಬೇಕಾದುದು, ಈ ಶಾಸನದಲ್ಲಿ ಜಗಳವಿಲ್ಲ, ಹಿಂದುಳಿದವರಿಲ್ಲ, ಯಾರ ಮೇಲೂ ದೋಷಾರೋಪವಿಲ್ಲ.

ಭಿನ್ನಮತ ಪ್ರವೇಶಿಸುವುದು ಕಥಾಸಾಹಿತ್ಯದಲ್ಲಿ. ಹರಿಷೇಣರ ‘ಬೃಹತ್ಕಥಾಕೋಶ’ (931) ಮತ್ತು ಕನ್ನಡದ ‘ವಡ್ಡಾರಾಧನೆ’ ಎರಡರಲ್ಲೂ, ಭಿಕ್ಷೆಗೆ ಹೋದ ಮನೆಯ ತೊಟ್ಟಿಲ ಕೂಸು ಭದ್ರಬಾಹುಗಳಿಗೆ ಹೊರಟುಹೋಗುವಂತೆ ಸೂಚಿಸುತ್ತದೆ. ಆಗ ನಾಡಿನಲ್ಲಿ ಬೆಳೆಯಿತ್ತು, ಕಣಜಗಳು ತುಂಬಿದ್ದವು. ಅಪಾಯವನ್ನು ಕಂಡವರು ಒಬ್ಬರೇ. ಉಳಿದವರು ಅವರ ಮಾತನ್ನು ನಂಬಬೇಕಿತ್ತು. ಅನಂತರ ಕಾಲದ ರತ್ನನಂದಿಯ ‘ಭದ್ರಬಾಹುಚರಿತ’ದಲ್ಲಿ, ಉಜ್ಜಯಿನಿಯ ಶ್ರೇಷ್ಠಿಗಳು ತಮ್ಮ ಕಣಜಗಳನ್ನು ನೆಚ್ಚಿ ಮುನಿಗಳನ್ನು ಇಲ್ಲಿಯೇ ಉಳಿಯಿರೆಂದು ಬೇಡುತ್ತಾರೆ, ಸ್ಥೂಲಾಚಾರ್ಯ ಮೊದಲಾದವರು ಒಪ್ಪುತ್ತಾರೆ. ಹೊರಡುವವರ ವಾದ ಆಚಾರವನ್ನು ಉಳಿಸುವುದು. ನಿಲ್ಲುವವರ ವಾದ ಶ್ರಾವಕರನ್ನು ಕೈಬಿಡದಿರುವುದು. ಎರಡೂ ಧರ್ಮಕ್ಕೆ ಹೊರತಾದ ವಾದಗಳಲ್ಲ.

ಹರಿಷೇಣರ ಕಥೆಯಲ್ಲಿ ಸಡಿಲಿಕೆ ಹಂತಹಂತವಾಗಿ ಬರುತ್ತದೆ. ಹಸಿದವರ ಕಾಟಕ್ಕೆ ಹಗಲು ಬಾಗಿಲು ತೆರೆಯಲಾಗದ ಶ್ರಾವಕರು, ರಾತ್ರಿ ಪಾತ್ರೆ ಹಿಡಿದು ಬಂದು ಆಹಾರ ಒಯ್ಯುವಂತೆ ಮುನಿಗಳನ್ನು ಕೇಳಿಕೊಳ್ಳುತ್ತಾರೆ. ಕತ್ತಲಲ್ಲಿ ಕೃಶಕಾಯನಾದ ನಗ್ನ ಮುನಿಯೊಬ್ಬನನ್ನು ಕಂಡ ಗರ್ಭಿಣಿಗೆ ಭಯದಿಂದ ಗರ್ಭಪಾತವಾಗುತ್ತದೆ. ಆಗ ‘ಅರ್ಧಫಾಲಕ’ವೆಂಬ ಬಟ್ಟೆಯ ತುಂಡು ಬರುತ್ತದೆ. ಪ್ರತಿಯೊಂದು ಸಡಿಲಿಕೆಗೂ ಕರುಣೆಯ ಕಾರಣವಿದೆ. ಒಂದೂ ಭೋಗಲಾಲಸೆಯಿಂದ ಹುಟ್ಟಿದುದಲ್ಲ. ಮಥುರೆಯ ಕಂಕಾಲಿ ಟೀಲಾದ ಕುಷಾಣ ಕಾಲದ ಶಿಲ್ಪಗಳಲ್ಲಿ ಮುಂಗೈ ಮೇಲೆ ಬಟ್ಟೆ ಇಳಿಬಿಟ್ಟ ನಗ್ನ ಮುನಿಗಳು ಕಾಣುವುದರಿಂದ, ಇಂಥದೊಂದು ಪಂಗಡ ನಿಜವಾಗಿ ಇದ್ದಿತೆಂದು ವಿದ್ವಾಂಸರು ಭಾವಿಸುತ್ತಾರೆ.

ಕ್ಷಾಮ ಕಳೆದ ಮೇಲೆ ಕಠಿಣವಾದ ಪ್ರಶ್ನೆ ಎದ್ದಿತು: ಆಪತ್ತಿನಲ್ಲಿ ಒಪ್ಪಿದುದನ್ನು ಬಿಡುವುದು ಹೇಗೆ? ಹರಿಷೇಣರಲ್ಲಿ ರಾಮಿಲ್ಲ ಮೊದಲಾದವರು ಬಟ್ಟೆಯನ್ನು ತ್ಯಜಿಸಿ ಮೂಲಾಚಾರಕ್ಕೆ ಮರಳುತ್ತಾರೆ, ಕೆಲವರು ಮರಳುವುದಿಲ್ಲ. ದೇವಸೇನರ ಹೆಸರಿನಲ್ಲಿರುವ ‘ಭಾವಸಂಗ್ರಹ’ದಲ್ಲಾದರೋ, ಮರಳೋಣವೆಂದ ಶಾಂತ್ಯಾಚಾರ್ಯರನ್ನು ಶಿಷ್ಯನೇ ದಂಡದಿಂದ ತಲೆಗೆ ಹೊಡೆದು ಕೊಲ್ಲುತ್ತಾನೆ. ರತ್ನನಂದಿಯಲ್ಲಿ ಇದೇ ಗತಿ ಸ್ಥೂಲಾಚಾರ್ಯರಿಗೆ. ಹಿಂದೆ ಉಳಿಯಲು ಒಪ್ಪಿದವರೇ ತಿದ್ದಿಕೊಳ್ಳಲು ಹೊರಟಾಗ ತಮ್ಮವರ ಕೈಯಲ್ಲಿ ಸಾಯುತ್ತಾರೆ. ಹಸಿವಿನಿಂದ ಪಾರಾದವರನ್ನು ಹಿಡಿದುದು, ತೊಟ್ಟಿಲ ಕೂಸು ಸೂಚಿಸದ ಇನ್ನೊಂದು ಅಪಾಯ.

ಶ್ವೇತಾಂಬರ ಪರಂಪರೆ ಇದೇ ಕ್ಷಾಮವನ್ನು ಬೇರೆ ರೀತಿಯಲ್ಲಿ ನೆನೆಯುತ್ತದೆ. ಹೇಮಚಂದ್ರರ ‘ಪರಿಶಿಷ್ಟಪರ್ವ’ದ ಪ್ರಕಾರ, ಕ್ಷಾಮದಲ್ಲಿ ಮರೆತುಹೋದ ಶ್ರುತವನ್ನು ಕೂಡಿಸಲು ಸಂಘ ಪಾಟಲಿಪುತ್ರದಲ್ಲಿ ಸೇರಿತು. ನೇಪಾಳದಲ್ಲಿ ಧ್ಯಾನಸ್ಥರಾಗಿದ್ದ ಭದ್ರಬಾಹುಗಳು ಬರಲೊಲ್ಲದಾಗ, ಬಹಿಷ್ಕಾರದ ಮಾತೂ ಬಂದಿತು. ಕೊನೆಗೆ ಅವರು ಸ್ಥೂಲಭದ್ರರಿಗೆ ಪೂರ್ವಗಳನ್ನು ಬೋಧಿಸಲು ಒಪ್ಪಿದರು. ಒಂದು ಪರಂಪರೆಗೆ ಕ್ಷಾಮ ಕಸಿದುದು ಆಚಾರವನ್ನು, ಇನ್ನೊಂದಕ್ಕೆ ಶ್ರುತವನ್ನು. ಯಾವುದನ್ನು ಮೊದಲು ಉಳಿಸಬೇಕೆಂಬಲ್ಲಿಯೇ ದಾರಿಗಳು ಕವಲೊಡೆದವು.

ಹೀಗಾಗಿ ಭದ್ರಬಾಹು ಕಥನವನ್ನು ಸಂಘಭೇದದ ತೀರ್ಪಾಗಿ ಮಾತ್ರ ಓದುವುದು ಸಾಲದು. ಹರಿಷೇಣರ ‘ಕಥಾಕೋಶ’ ಮತ್ತು ‘ಭಾವಸಂಗ್ರಹ’ ಒಂದೇ ಘಟನೆಯನ್ನು, ಒಂದು ಮರುಕದಿಂದಲೂ ಇನ್ನೊಂದು ರೋಷದಿಂದಲೂ ಹೇಳಿವೆಯೆಂಬುದನ್ನು ಸಂಶೋಧಕರು ಮರೆಯಬಾರದು. ಕಥೆಗಳನ್ನು ಓದುವ ಮೊದಲು ಚಂದ್ರಗಿರಿಯ ಶಾಸನವನ್ನು ಓದುವುದು ಒಳ್ಳೆಯದು. ಅಲ್ಲಿ ಇರುವುದು ಮುನ್ನರಿವು, ಪ್ರಯಾಣ ಮತ್ತು ಸಮಾಧಿ ಮಾತ್ರ. ಬೇಗೂರಿನ ತೊಂಡಬ್ಬೆಯವರೆಗೂ ನಡೆದು ಬಂದ ನೆನಪು ಆ ಸಮಾಧಿಯದೇ.