ಒಂದು ಪದ, ಎರಡು ಭೂಪಟ: ಕೆನನ್‌ನಿಂದ ಎನ್‌ಎಸ್‌ಸಿ-68ರವರೆಗೆ

1950ರ ಜನವರಿ 12ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನಲ್ಲಿ ಪೆಸಿಫಿಕ್ ಸಾಗರದಲ್ಲಿ ತನ್ನ ದೇಶದ ರಕ್ಷಣಾ ರೇಖೆ ಎಲ್ಲೆಲ್ಲಿ ಹಾದುಹೋಗುತ್ತದೆಂದು ವಿವರಿಸಿದ. ಅಲ್ಯೂಷಿಯನ್ ದ್ವೀಪಗಳು, ಜಪಾನ್, ರ್ಯುಕ್ಯು ದ್ವೀಪಗಳು, ಫಿಲಿಪ್ಪೀನ್ಸ್ ಆ ರೇಖೆಯಲ್ಲಿ ಸೇರಿದ್ದವು. ಕೊರಿಯಾ ಸೇರಿರಲಿಲ್ಲ. ಆರು ತಿಂಗಳು ತುಂಬುವ ಮೊದಲೇ ಅದೇ ಸರ್ಕಾರ ಕೊರಿಯಾಕ್ಕೆ ಸೇನೆ ಕಳುಹಿಸಿತು. ಜೂನ್ 25ರಂದು ಉತ್ತರ ಕೊರಿಯಾ ನಡೆಸಿದ ದಾಳಿ ಇದಕ್ಕೆ ತಕ್ಷಣದ ಕಾರಣ, ನಿಜ. ಆದರೆ ರೇಖೆಯ ಹೊರಗೆ ಬಿಟ್ಟ ನೆಲ ಇದ್ದಕ್ಕಿದ್ದಂತೆ ಅಮೂಲ್ಯವಾಗಬೇಕಾದರೆ, ಅಮೂಲ್ಯ ಯಾವುದೆಂಬ ಎಣಿಕೆಯೇ ಒಳಗೊಳಗೆ ಬದಲಾಗಿರಬೇಕು. ಆ ಬದಲಾವಣೆಗೆ ‘ಕಂಟೇನ್‌ಮೆಂಟ್’ ಎಂಬ ಪದವೇ ಬಾಗಿಲು ತೆರೆದಿತ್ತೆಂಬುದು ಈ ಲೇಖನದ ವಾದ.

ಈ ಪದವನ್ನು ಚಲಾವಣೆಗೆ ತಂದವನು ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್. 1946ರ ಫೆಬ್ರವರಿ 22ರಂದು ಮಾಸ್ಕೋದ ರಾಯಭಾರ ಕಚೇರಿಯಿಂದ ಆತ ಕಳುಹಿಸಿದ ‘ದೀರ್ಘ ತಂತಿ’ ವಾಷಿಂಗ್ಟನ್ನಿನಲ್ಲಿ ಕೈಯಿಂದ ಕೈಗೆ ಓಡಾಡಿತು. 1947ರ ಜುಲೈಯಲ್ಲಿ ‘ಫಾರಿನ್ ಅಫೇರ್ಸ್’ ಪತ್ರಿಕೆಯಲ್ಲಿ ‘ಎಕ್ಸ್’ ಎಂಬ ಗುಪ್ತನಾಮದಲ್ಲಿ ಬಂದ ಲೇಖನ ಆ ಚಿಂತನೆಗೆ ಹೆಸರು ಕೊಟ್ಟಿತು. ಸೋವಿಯತ್ ವಿಸ್ತರಣೆಯನ್ನು ತಾಳ್ಮೆಯಿಂದ, ದೀರ್ಘಕಾಲ ತಡೆದು ಹಿಡಿದರೆ ಆ ವ್ಯವಸ್ಥೆ ತನ್ನ ಒಳಬಿರುಕುಗಳಿಂದಲೇ ಮೆತ್ತಗಾಗುತ್ತದೆ ಅಥವಾ ಕುಸಿಯುತ್ತದೆ ಎಂಬುದು ಅದರ ತಿರುಳು. ಕೆನನ್‌ನ ಮನಸ್ಸಿನಲ್ಲಿದ್ದ ಭೂಪಟ ಚಿಕ್ಕದು. ಆಧುನಿಕ ಯುದ್ಧಕ್ಕೆ ಬೇಕಾದ ಕೈಗಾರಿಕಾ ಬಲ ಇರುವುದು ಐದೇ ಕಡೆ ಎಂದು ಆತ ಎಣಿಸಿದ್ದ: ಅಮೆರಿಕ, ಬ್ರಿಟನ್, ರೈನ್ ನದಿಯ ಜರ್ಮನಿ ಮತ್ತು ಅದರ ನೆರೆ, ಜಪಾನ್, ಸೋವಿಯತ್ ಒಕ್ಕೂಟ. ಐದನೆಯದು ಎದುರಾಳಿಯ ಕೈಯಲ್ಲಿದೆ. ಉಳಿದ ನಾಲ್ಕು ಅದರ ಪಾಲಾಗದಿದ್ದರೆ ಸಾಕು. ಇದಕ್ಕೆ ಆತ ಬಯಸಿದ ಮುಖ್ಯ ಸಾಧನ ಸೈನ್ಯವಲ್ಲ, ಮಾರ್ಷಲ್ ಯೋಜನೆಯ ಬಗೆಯದು: ಹಸಿದ, ಹತಾಶ ಯುರೋಪಿಗೆ ಸುಮಾರು 13 ಶತಕೋಟಿ ಡಾಲರುಗಳ ನೆರವು.

ಆದರೆ ಈ ಭೂಪಟವಾಗಲಿ ಈ ಸಾಧನವಾಗಲಿ ‘ಎಕ್ಸ್’ ಲೇಖನದಲ್ಲಿ ಇರಲಿಲ್ಲ. ಅಲ್ಲಿದ್ದದ್ದು, ಸೋವಿಯತ್ ಒತ್ತಡ ಎಲ್ಲೆಲ್ಲಿ ಸರಿದಾಡುತ್ತದೋ ಅಲ್ಲಲ್ಲಿ ಪ್ರತಿಬಲ ಒಡ್ಡಬೇಕೆಂಬ ಮಾತು. ಯಾವ ಬಲ, ಯಾವ ಜಾಗ ಎಂಬುದಿಲ್ಲ. ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದೇ ವರ್ಷ ಈ ಬಿರುಕಿಗೇ ಕೈ ಹಾಕಿದ: ಹೀಗೆ ಹೊರಟರೆ ಹೋರಾಟದ ಜಾಗವನ್ನು ಎದುರಾಳಿಯೇ ಆರಿಸುತ್ತಾನೆ, ಅಮೆರಿಕವೋ ದುರ್ಬಲ ಆಶ್ರಿತ ರಾಜ್ಯಗಳನ್ನು ಸಾಕುತ್ತ ದಣಿಯುತ್ತದೆ. ಕೆನನ್‌ಗೆ ಇದು ನೋವು ತಂದಿತು, ಏಕೆಂದರೆ ಬಹುಪಾಲು ಅದು ಅವನದೇ ಅಭಿಪ್ರಾಯ. 1948ರ ವಸಂತದಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಲಿಪ್‌ಮನ್‌ಗೆ ಉದ್ದದ ಪತ್ರ ಬರೆದ, ಅಂಚೆಗೆ ಹಾಕಲಿಲ್ಲ. ಆ ಪತ್ರ ಆಗಲೇ ಬಹಿರಂಗವಾಗಿದ್ದರೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1950ರ ಜನವರಿಯಲ್ಲಿ ವಿದೇಶಾಂಗ ಇಲಾಖೆಯ ನೀತಿ ಯೋಜನಾ ವಿಭಾಗದ ಹೊಣೆ ಕೆನನ್‌ನಿಂದ ಪಾಲ್ ನಿಟ್ಸೆಗೆ ಬಂತು. ಏಪ್ರಿಲಿನಲ್ಲಿ ನಿಟ್ಸೆಯ ತಂಡ ಎನ್‌ಎಸ್‌ಸಿ-68 ಎಂಬ ರಹಸ್ಯ ದಸ್ತಾವೇಜನ್ನು ಸಿದ್ಧಪಡಿಸಿತು. 1975ರವರೆಗೆ ಅದು ಹೊರಬರಲಿಲ್ಲ. ಸ್ವತಂತ್ರ ವ್ಯವಸ್ಥೆ ಒಂದು ಕಡೆ ಸೋತರೆ ಎಲ್ಲ ಕಡೆಯೂ ಸೋತಂತೆ ಎಂಬುದು ಅದರ ನಿಲುವು. ಇಲ್ಲಿ ಐದು ಕೇಂದ್ರಗಳ ಭೂಪಟ ಅಳಿಸಿಹೋಗಿ, ಭೂಮಿಯ ಉದ್ದಗಲಕ್ಕೂ ಗಡಿ ಎಳೆದಂತಾಯಿತು. ಖರ್ಚಿನ ಅಂಕಿಯನ್ನು ದಸ್ತಾವೇಜಿನಲ್ಲಿ ಬೇಕೆಂದೇ ನಮೂದಿಸಲಿಲ್ಲ. ಸರ್ಕಾರದ ಉನ್ನತ ಅಧಿಕಾರಿಗಳ ಮನಸ್ಸನ್ನು ಬಲವಾಗಿ ತಟ್ಟುವುದೇ ಅದರ ಉದ್ದೇಶವಾಗಿತ್ತೆಂದು ಅಚೆಸನ್ 1969ರ ತನ್ನ ನೆನಪುಗಳಲ್ಲಿ ಒಪ್ಪಿಕೊಂಡಿದ್ದಾನೆ.

ಇತಿಹಾಸಕಾರ ಜಾನ್ ಲೂಯಿಸ್ ಗ್ಯಾಡಿಸ್ 1982ರಲ್ಲಿ ಈ ಎರಡನ್ನೂ ಆಯಕಟ್ಟಿನ ನೆಲೆಗಳ ರಕ್ಷಣೆ ಮತ್ತು ಸುತ್ತುಗಡಿಯ ರಕ್ಷಣೆ ಎಂದು ವಿಂಗಡಿಸಿ, ವ್ಯತ್ಯಾಸವನ್ನು ಸಂಪನ್ಮೂಲದ ಲೆಕ್ಕದಲ್ಲಿ ಹುಡುಕಿದ. ಖರ್ಚಿಗೆ ಮಿತಿಯಿದೆ ಎಂದವರು ಆಯ್ದು ಕಾಯುತ್ತಾರೆ. ಮಿತಿಯಿಲ್ಲ ಎಂದವರು ಎಲ್ಲವನ್ನೂ ಕಾಯುತ್ತಾರೆ. ಈ ವಿಂಗಡಣೆ ಇಂದಿಗೂ ಉಪಯುಕ್ತ. ಆದರೂ ನಿಟ್ಸೆ ಕೆನನ್‌ನ ಪದವನ್ನು ತಳ್ಳಿಹಾಕಲಿಲ್ಲ, ಅದನ್ನೇ ಇಟ್ಟುಕೊಂಡು ಅದರ ಖಾಲಿ ಜಾಗ ತುಂಬಿದ ಎಂಬುದಕ್ಕೆ ಗ್ಯಾಡಿಸ್ ಕೊಡುವ ತೂಕ ಕಡಿಮೆಯಾಯಿತೆಂದು ನನಗನಿಸುತ್ತದೆ. ಗಡಿ ಬದಲಾದರೂ ಹೆಸರು ಬದಲಾಗದಿದ್ದುದರಿಂದ, ನೀತಿಯೇ ಬದಲಾಯಿತೆಂದು ಯಾರೂ ಹೇಳಬೇಕಾಗಿ ಬರಲಿಲ್ಲ.

ಅಧ್ಯಕ್ಷ ಟ್ರೂಮನ್ ಎನ್‌ಎಸ್‌ಸಿ-68ಕ್ಕೆ ತಕ್ಷಣ ಒಪ್ಪಿಗೆ ಕೊಟ್ಟಿರಲಿಲ್ಲ. ಕೊರಿಯಾ ಯುದ್ಧ ಒಪ್ಪಿಸಿತು. 13 ಶತಕೋಟಿ ಡಾಲರುಗಳ ಆಸುಪಾಸಿನಲ್ಲಿದ್ದ ರಕ್ಷಣಾ ಬಜೆಟ್ ಮೂರು ಪಟ್ಟಿಗೂ ಮೀರಿ ಬೆಳೆಯಿತು. 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ನುಗ್ಗುವುದನ್ನು ಕೆನನ್ ವಿರೋಧಿಸಿದ. ಸೇನೆ ದಾಟಿತು, ಚೀನಾ ಯುದ್ಧಕ್ಕಿಳಿಯಿತು. ಈ ಗಡಿ ನಮ್ಮ ಬಾಗಿಲಿಗೂ ಬಂತು: 1954ರ ಮೇ ತಿಂಗಳಲ್ಲಿ ಅಮೆರಿಕ ಪಾಕಿಸ್ತಾನದೊಡನೆ ಸೇನಾ ನೆರವಿನ ಒಪ್ಪಂದ ಮಾಡಿಕೊಂಡಿತು. ಮಾಸ್ಕೋವನ್ನು ತಡೆಯಲೆಂದು ಕೊಟ್ಟ ಶಸ್ತ್ರಗಳು 1965ರಲ್ಲಿ ಭಾರತದ ಮೇಲೆ ಬಳಕೆಯಾದವು. ಕೆನನ್‌ನ ಐದು ಕೇಂದ್ರಗಳಲ್ಲಿ ಈ ಉಪಖಂಡಕ್ಕೆ ಜಾಗವೇ ಇರಲಿಲ್ಲ.

1966ರ ಫೆಬ್ರವರಿಯಲ್ಲಿ, ವಿಯೆಟ್ನಾಂ ಯುದ್ಧ ತೀವ್ರಗೊಳ್ಳುತ್ತಿದ್ದಾಗ, ಫುಲ್‌ಬ್ರೈಟ್ ಅಧ್ಯಕ್ಷತೆಯ ಸೆನೆಟ್ ವಿದೇಶಾಂಗ ಸಮಿತಿಯ ಮುಂದೆ ಕೆನನ್ ಸಾಕ್ಷ್ಯ ನುಡಿದ. ಅಮೆರಿಕ ಈಗಾಗಲೇ ಅಲ್ಲಿ ಸಿಕ್ಕಿಕೊಂಡಿರದಿದ್ದರೆ, ಹೊಸದಾಗಿ ಹೋಗಿ ಸಿಕ್ಕಿಕೊಳ್ಳಲು ಯಾವ ಕಾರಣವೂ ಕಾಣುವುದಿಲ್ಲ ಎಂದ. ಮರುವರ್ಷ ಬಂದ ಆತ್ಮಕಥೆಯಲ್ಲಿ ‘ಎಕ್ಸ್’ ಲೇಖನದ ಕೊರತೆಗಳನ್ನು ತಾನೇ ಎಣಿಸಿದ: ತಡೆ ಎಂದರೆ ರಾಜಕೀಯ ತಡೆ ಎಂದು ಬಿಡಿಸಿ ಹೇಳಲಿಲ್ಲ, ಯಾವ ನೆಲಕ್ಕೆ ಅನ್ವಯ, ಯಾವುದಕ್ಕಲ್ಲ ಎಂದು ಗುರುತಿಸಲಿಲ್ಲ. ಲಿಪ್‌ಮನ್‌ಗೆ ಕಳುಹಿಸದೆ ಉಳಿದ ಪತ್ರದ ಮಾತು ಅಚ್ಚಾಗಲು ಹತ್ತೊಂಬತ್ತು ವರ್ಷ ಹಿಡಿದಿತ್ತು.