ಒಬ್ಬನೇ ಯಜಮಾನನ ಜೋಡಾಟ

ಕುಸ್ತಿಯ ಚರಿತ್ರೆಗೆ ನಮ್ಮ ಸಂಘದ ಮಾಸಪತ್ರಿಕೆಯಲ್ಲಿ ಏನು ಕೆಲಸ ಎಂದು ಹಿರಿಯ ವಾಚಕರು ಹುಬ್ಬೇರಿಸಬಹುದು. ಅದೂ ಅಮೆರಿಕದ ಕುಸ್ತಿ; ಸೋಲು ಗೆಲುವುಗಳನ್ನು ಮೊದಲೇ ಬರೆದಿಟ್ಟು ಆಡುವ ಕುಸ್ತಿ. ಆದರೆ ಇದೇ ಮುಂಬಯಿಯ ವರಳಿಯಲ್ಲಿ, ವಲ್ಲಭಭಾಯಿ ಪಟೇಲ್ ಸ್ಟೇಡಿಯಮ್ಮಿನಲ್ಲಿ, ದಾರಾಸಿಂಗ್ ಮತ್ತು ಕಿಂಗ್‌ಕಾಂಗರ ಕಾಳಗ ನೋಡಲು ಹೋಟೆಲಿನ ಪಾಳಿ ತಪ್ಪಿಸಿ ಹೋಗಿದ್ದ ಊರವರ ಕಥೆಗಳನ್ನು ನಾವೆಲ್ಲ ಕೇಳಿದವರೇ. ಅದು ನಿಜವೋ ನಾಟಕವೋ ಎಂಬ ಚರ್ಚೆ ಆಗಲೂ ಇತ್ತು, ಟಿಕೇಟು ಆಗಲೂ ಖರ್ಚಾಗುತ್ತಿತ್ತು. ಆದುದರಿಂದ ಆ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುತ್ತೇನೆ.

2001ನೆಯ ಇಸವಿಯ ಮಳೆಗಾಲ. ನಾನಾಗ ಉಡುಪಿಯ ಕಡೆ ಬಿ.ಎಸ್ಸಿ. ಓದುತ್ತಿದ್ದೆ. ಪೈಲ್ವಾನರ ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚಾದ ಟ್ರಂಪ್ ಕಾರ್ಡುಗಳನ್ನು ಆಡಿ ಬೆಳೆದ ತಲೆಮಾರು ನಮ್ಮದು. ಮನೆಯಲ್ಲಿ ಕೇಬಲ್ ಇತ್ತು. ಮಳೆ ಹಿಡಿದರೆ ಕರೆಂಟು ಇರುತ್ತಿರಲಿಲ್ಲ, ಅದು ಬೇರೆ ಮಾತು. ನನ್ನ ಜೊತೆ ಕುಳಿತು ನೋಡುತ್ತಿದ್ದವರು ಸೋದರಮಾವ. ಅವರಿಗೆ ಇಂಗ್ಲಿಷು ಬಾರದು, ಕುಸ್ತಿಯ ಗಂಧವಿಲ್ಲ. ಆದರೆ ಯಕ್ಷಗಾನದ ಹುಚ್ಚು ವಿಪರೀತ. ಸೋಲುವವನು ಯಾರೆಂದು ಪ್ರಸಂಗದಲ್ಲಿ ಮೊದಲೇ ಗೊತ್ತಿದ್ದೂ ಇರುಳಿಡೀ ನಿದ್ದೆಗೆಟ್ಟು ನೋಡಿದ ಮನುಷ್ಯನಿಗೆ ಅಮೆರಿಕದ ಕುಸ್ತಿಯನ್ನು ಅರ್ಥ ಮಾಡಿಸಬೇಕಾಗಲಿಲ್ಲ.

ಆ ವರ್ಷ ಜುಲೈ 22ರಂದು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 'ಇನ್ವೇಶನ್' ಎಂಬ ಕಾರ್ಯಕ್ರಮ ನಡೆಯಿತು. ಒಂದು ಕಡೆ ವರ್ಲ್ಡ್ ರೆಸ್ಲಿಂಗ್ ಫೆಡರೇಶನ್. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇನ್ನು ಮುಂದೆ 'ಫೆಡರೇಶನ್'. ಇನ್ನೊಂದು ಕಡೆ ಅದರ ಬದ್ಧವೈರಿಯಾಗಿದ್ದ ಅಟ್ಲಾಂಟಾದ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್ ಕಂಪೆನಿಯ ಮಲ್ಲರು, ಅವರ ಜತೆಗೆ ಫಿಲಡೆಲ್ಫಿಯಾದ ಮೂರನೆಯ ಕಂಪೆನಿಯೊಂದರವರು. ಎರಡು ಬಣಗಳ ನಡುವೆ ಮಹಾಯುದ್ಧ ಎಂಬ ಪ್ರಚಾರ. ನಮ್ಮ ಕೇಬಲಿಗೆ ಅದು ತಡವಾಗಿ ಬಂತು. ಅಷ್ಟರೊಳಗೆ ಪೇಟೆಯ ಸೈಬರ್ ಕೆಫೆಯಿಂದ ಫಲಿತಾಂಶ ಕಾಲೇಜಿಗೆಲ್ಲ ಹಬ್ಬಿಯಾಗಿತ್ತು. ಆದರೂ ನೋಡಿದೆವು. ಅರ್ಧ ನೋಡುವಷ್ಟರಲ್ಲಿ ಮಾವ ಕವಳದ ತಟ್ಟೆ ಹತ್ತಿರಕ್ಕೆಳೆದುಕೊಂಡು, "ಇದು ಜೋಡಾಟ ಅಲ್ಲ ಮಾರಾಯ. ಎರಡು ಮೇಳಕ್ಕೂ ಯಜಮಾನ ಒಬ್ಬನೇ ಇದ್ದ ಹಾಗೆ ಕಾಣ್ತದೆ," ಎಂದರು. ನಾನು ಇಲ್ಲವೆಂದು ವಾದಿಸಿದೆ. ವಾದದಲ್ಲಿ ಸೋತೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಮೈಸೂರು, ಧಾರವಾಡದ ಕಡೆಯ ಸದಸ್ಯರಿಗಾಗಿ ಜೋಡಾಟ ಎಂದರೇನೆಂದು ಹೇಳಬೇಕು. ಗದ್ದೆಯಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ. ಎರಡು ಬೇರೆ ಬೇರೆ ಮೇಳ. ಏಕಕಾಲಕ್ಕೆ ಅದೇ ಪ್ರಸಂಗ. ಇತ್ತ ಒಬ್ಬ ಅಭಿಮನ್ಯು, ಅತ್ತ ಇನ್ನೊಬ್ಬ. ಜನ ಎರಡರ ನಡುವೆ ನಿಂತಿರುತ್ತಾರೆ. ಇಲ್ಲಿ ಚೆಂಡೆ ಏರಿದರೆ ಇತ್ತ ಸರಿಯುತ್ತಾರೆ, ಅಲ್ಲಿ ಧೀಂಗಿಣ ಹೆಚ್ಚಾದರೆ ಅತ್ತ. ಅಭಿಮನ್ಯು ಸಾಯುತ್ತಾನೆಂಬುದು ಎರಡೂ ಕಡೆ ನಿಶ್ಚಯ. ಯಾವ ರಂಗಸ್ಥಳದ ಎದುರು ಜನ ಉಳಿಯುತ್ತಾರೆಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ.

ಅಮೆರಿಕದಲ್ಲಿ 1995ರಿಂದ 2001ರ ವರೆಗೆ ಪ್ರತಿ ಸೋಮವಾರ ರಾತ್ರಿ ನಡೆದದ್ದು ಇಂಥದೇ ಜೋಡಾಟ. ಫೆಡರೇಶನ್ನಿನ 'ರಾ' ಎಂಬ ಕಾರ್ಯಕ್ರಮ 1993ರ ಜನವರಿಯಿಂದ ನಡೆಯುತ್ತಿತ್ತು. ಅಟ್ಲಾಂಟಾದ ಕಂಪೆನಿಯ ಹಿಂದೆ ಇದ್ದವರು ಟೆಲಿವಿಷನ್ ದೊರೆ ಟೆಡ್ ಟರ್ನರ್. ಕ್ರಾಕೆಟ್ ಕುಟುಂಬದ ಹಳೆಯ ಕುಸ್ತಿ ಸಂಸ್ಥೆಯನ್ನು ಅವರು 1988ರಲ್ಲಿ ಕೊಂಡಿದ್ದರು. 1995ರ ಸೆಪ್ಟೆಂಬರ್ 4ರಂದು ಮಿನೆಸೋಟದ ಒಂದು ಬೃಹತ್ ಅಂಗಡಿ ಮಳಿಗೆಯಲ್ಲಿ ರಿಂಗು ಕಟ್ಟಿ 'ನೈಟ್ರೊ' ಎಂಬ ಎದುರು ಕಾರ್ಯಕ್ರಮವನ್ನು ಆರಂಭಿಸಿದರು. ಆ ಮೊದಲ ರಾತ್ರಿಯೇ ಫೆಡರೇಶನ್ನಿನ ಪೈಲ್ವಾನ ಲೆಕ್ಸ್ ಲೂಗರ್ ಮುನ್ಸೂಚನೆಯಿಲ್ಲದೆ ನೈಟ್ರೊದಲ್ಲಿ ಕಾಣಿಸಿಕೊಂಡ. 1996ರ ಮೇ 27ರಂದು ಸ್ಕಾಟ್ ಹಾಲ್ ಪ್ರೇಕ್ಷಕರ ನಡುವಿನಿಂದ ರಿಂಗಿಗೆ ನಡೆದು ಬಂದ. ಎರಡು ವಾರದಲ್ಲಿ ಕೆವಿನ್ ನ್ಯಾಶ್. ಇವರು ನಿಜವಾಗಿಯೂ ಫೆಡರೇಶನ್ ಕಳಿಸಿದ ದಾಳಿಕೋರರೇ ಎಂದು ನೋಡುವವರಿಗೆ ಅನುಮಾನ ಬರುವಂತೆ ಕಥೆ ಕಟ್ಟಿದ್ದರು. ಫೆಡರೇಶನ್ ಇದನ್ನು ಕಥೆಯೆಂದು ಬಿಡಲಿಲ್ಲ, ತನ್ನ ಪಾತ್ರವನ್ನು ಕದ್ದಿದ್ದಾರೆಂದು ಕೋರ್ಟಿಗೆ ಹೋಯಿತು. ಜುಲೈ 7ರಂದು ಹಲ್ಕ್ ಹೋಗನ್ ಆ ಇಬ್ಬರ ಪಕ್ಷ ಸೇರಿದ. ಮಕ್ಕಳಿಗೆ ವಿಟಮಿನ್ ತಿನ್ನಿ, ಪ್ರಾರ್ಥನೆ ಮಾಡಿ ಎನ್ನುತ್ತಿದ್ದ ಮನುಷ್ಯ ಖಳನಾದ. ಆಮೇಲೆ ಎಂಬತ್ತಕ್ಕೂ ಹೆಚ್ಚು ವಾರ ನೈಟ್ರೊದ ಕಡೆಯೇ ಜನ ಹೆಚ್ಚು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ರಿಂಗಿನೊಳಗಿನ ಕುಸ್ತಿ ಕಟ್ಟುಕಥೆಯಾದರೂ ಅದರ ಹಿಂದಿನ ಅಪಾಯ ಕಟ್ಟುಕಥೆಯಾಗಿರಲಿಲ್ಲ. ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಫೆಡರೇಶನ್ನಿನವರೇ 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಗೆ ತಿಳಿಸಿದ್ದರು. ಕ್ರೀಡಾ ಆಯೋಗದ ತನಿಖೆಯೂ ತೆರಿಗೆಯೂ ತಪ್ಪಲೆಂದು. ಆದರೆ ಗುತ್ತಿಗೆ ಮುಗಿದ ಪೈಲ್ವಾನ ಸೋಮವಾರ ಯಾವ ಚಾನೆಲಿನಲ್ಲಿ ಇರುತ್ತಾನೆಂಬುದು ಯಾರೂ ಬರೆದಿಟ್ಟ ಕಥೆಯಲ್ಲ. ಇಬ್ಬರು ಯಜಮಾನರಲ್ಲಿ ಒಬ್ಬರು ನಿಜವಾಗಿ ಮುಳುಗಬಹುದಿತ್ತು. ಮುಳುಗಿದರು ಕೂಡ.

ಮುಳುಗಿದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1999ರ ಜನವರಿ 4ರಂದು, ಫೆಡರೇಶನ್ನಿನ ಧ್ವನಿಮುದ್ರಿತ ಕಾರ್ಯಕ್ರಮದಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗಲಿದ್ದಾನೆಂದು ನೈಟ್ರೊದ ನಿರೂಪಕ ಲೇವಡಿಯಿಂದ ಮೊದಲೇ ಹೇಳಿಬಿಟ್ಟ. ಕೇಳಿದ ಜನ ಅದನ್ನೇ ನೋಡಲು ಚಾನೆಲ್ ತಿರುಗಿಸಿದರು. ಅದೇ ರಾತ್ರಿ ನೈಟ್ರೊದಲ್ಲಿ ಹೋಗನ್ ಒಂದು ಬೆರಳಿನಿಂದ ಎದೆಗೆ ಚುಚ್ಚಿದ್ದಕ್ಕೆ ನ್ಯಾಶ್ ಮಹಾಶಯ ಮಲಗಿ ಪಟ್ಟ ಒಪ್ಪಿಸಿದ. ಇಂಥ ಆಟ ಆಡಿದ ಮೇಳಕ್ಕೆ ಮುಂದಿನ ವರ್ಷ ವೀಳ್ಯ ಸಿಗುವುದುಂಟೆ? ನಷ್ಟ ಕೋಟಿಗಟ್ಟಲೆ ಡಾಲರು ಬೆಳೆಯಿತು. 2001ರಲ್ಲಿ ಟರ್ನರ್ ಸಂಸ್ಥೆ ದೊಡ್ಡ ವಿಲೀನವೊಂದರಲ್ಲಿ ಕರಗಿ, ಹೊಸ ಅಧಿಕಾರಿಗಳು ಕುಸ್ತಿಯನ್ನೇ ಚಾನೆಲಿನಿಂದ ತೆಗೆದುಹಾಕಿದರು. ಮಾರ್ಚಿಯಲ್ಲಿ ಫೆಡರೇಶನ್ನಿನ ಒಡೆಯ ವಿನ್ಸ್ ಮೆಕ್‌ಮಹಾನ್ ಕಂಪೆನಿಯ ಹೆಸರನ್ನೂ ಹಳೆಯ ಟೇಪುಗಳನ್ನೂ ಕೆಲವರ ಗುತ್ತಿಗೆಯನ್ನೂ ಕೊಂಡರು. ಹೆಸರು ಮತ್ತು ಸಾಮಗ್ರಿಗೆ ಬಿದ್ದದ್ದು ಸುಮಾರು 25 ಲಕ್ಷ ಡಾಲರು ಎಂದು ಆಗ ವರದಿಯಾಗಿತ್ತು. ಮಾರ್ಚ್ 26ರಂದು ಫ್ಲಾರಿಡಾದ ಕಡಲತೀರದಲ್ಲಿ ಕೊನೆಯ ನೈಟ್ರೊ. ಕೊನೆಯ ಕುಸ್ತಿ ಸ್ಟಿಂಗ್ ಮತ್ತು ರಿಕ್ ಫ್ಲೇರ್ ನಡುವೆ. ಮೊದಲ ನೈಟ್ರೊದಲ್ಲೂ ಆ ಇಬ್ಬರು ಎದುರಾಗಿದ್ದರು.

ಈಗ ಕ್ಲೀವ್‌ಲ್ಯಾಂಡಿಗೆ ಬರೋಣ. ಹೋದ ಮಳೆಗಾಲದಲ್ಲಿ ಕ್ವಾರ್ಟರ್ಸಿನ ಕೋಣೆಯಲ್ಲಿ, ಮೊಬೈಲಿನಲ್ಲಿ, ಮೂರು ರಾತ್ರಿ ಕುಳಿತು ಅದನ್ನೆಲ್ಲ ಮತ್ತೆ ನೋಡಿದೆ. (ಮನೆಯವಳು ಏನೆಂದಳೆಂಬುದು ಇಲ್ಲಿ ಅಪ್ರಸ್ತುತ.)

ಎದುರು ಪಕ್ಷದ ದೊಡ್ಡ ವೇಷಗಳು ಯಾವುವೂ ಅಲ್ಲಿಲ್ಲ. ಹೋಗನ್, ನ್ಯಾಶ್, ಗೋಲ್ಡ್‌ಬರ್ಗ್, ಸ್ಟಿಂಗ್, ಫ್ಲೇರ್ ಇವರ ಗುತ್ತಿಗೆ ಇದ್ದದ್ದು ಟರ್ನರ್ ಸಂಸ್ಥೆಯನ್ನು ನುಂಗಿದ ಮೂಲ ಸಂಸ್ಥೆಯ ಜೊತೆ. ಮನೆಯಲ್ಲಿ ಕುಳಿತೇ ಸಂಬಳ ಬರುತ್ತಿರುವಾಗ ಕಡಿಮೆ ಹಣಕ್ಕೆ ಮೈ ನೋಯಿಸಿಕೊಳ್ಳಲು ಯಾರು ಬರುತ್ತಾರೆ? ಬಂದವರಲ್ಲಿ ಹೆಸರುವಾಸಿಗಳು ಇಬ್ಬರು: ಬುಕರ್ ಟಿ ಮತ್ತು ಡೈಮಂಡ್ ಡಲಾಸ್ ಪೇಜ್. ಬರಬೇಕಾದ ಹಣದಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಬಂದ ಪೇಜ್‌ಗೆ ಸಿಕ್ಕಿದ ಪಾತ್ರ, ಇನ್ನೊಬ್ಬ ಮಲ್ಲನ ಹೆಂಡತಿಯನ್ನು ಕದ್ದು ಹಿಂಬಾಲಿಸುವ ಪೋಕರಿಯದು. ಜುಲೈ 2ರಂದು ಟಕೋಮಾ ನಗರದಲ್ಲಿ ಹೊಸ ಕಂಪೆನಿಯ ಹೆಸರಿನಲ್ಲೇ ಒಂದು ಪ್ರಧಾನ ಕುಸ್ತಿ ಇಟ್ಟರು: ಬುಕರ್ ಟಿ ಮತ್ತು ಬಫ್ ಬ್ಯಾಗ್‌ವೆಲ್. ಅದು ನೀರಸವಾಗಿತ್ತು, ಸಂದೇಹವಿಲ್ಲ. ಜನ ಹೋ ಎಂದು ಕೂಗಿ ಓಡಿಸಿದರು. ಆದರೆ ಬೇರೆ ಮೇಳದ ಊರಿನಲ್ಲಿ, ಅವರದೇ ಗದ್ದೆಯಲ್ಲಿ, ಅವರ ಭಕ್ತರ ಎದುರು ಮೊದಲ ಆಟ ಆಡಿಸಿದ ಯಜಮಾನನ ತಪ್ಪನ್ನು ಯಾರು ಎಣಿಸುವುದು? ಬ್ಯಾಗ್‌ವೆಲ್‌ನನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿದರು.

ಕ್ಲೀವ್‌ಲ್ಯಾಂಡಿನ ಮುಖ್ಯ ಪಟ್ಟಿಯಲ್ಲಿ ಹತ್ತು ಕುಸ್ತಿಗಳು. ಫೆಡರೇಶನ್ ಐದು ಗೆದ್ದಿತು, ಎದುರು ಬಣ ಐದು. ಲೆಕ್ಕ ತಾಳೆಯಾಗುತ್ತದೆ. ಆದರೆ ಮೊತ್ತ ತಾಳೆಯಾದ ಮಾತ್ರಕ್ಕೆ ಬಾಬತ್ತು ಸರಿಯಿರಬೇಕೆಂದಿಲ್ಲ ಎಂದು ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಕಂಪೆನಿಗಳ ರೆಫರಿಗಳು ಪರಸ್ಪರ ಹೊಡೆದಾಡಿದ ಒಂದು ಕುಸ್ತಿ ಇತ್ತು. ಮಾವ ಅದಕ್ಕೆ ಹೊಟ್ಟೆ ಹಿಡಿದು ನಕ್ಕಿದ್ದರು, ಹಾಸ್ಯಗಾರರಿಬ್ಬರ ಜೋಡಾಟ ಎಂದು. ಮನಸ್ಸಿಟ್ಟು ನೋಡತಕ್ಕದ್ದು ರಾಬ್ ವ್ಯಾನ್ ಡ್ಯಾಮ್ ಮತ್ತು ಜೆಫ್ ಹಾರ್ಡಿಯರದು. ವ್ಯಾನ್ ಡ್ಯಾಮ್ ಫಿಲಡೆಲ್ಫಿಯಾದ ಬಡ ಕಂಪೆನಿಯಿಂದ ಬಂದವನು, ದಾಳಿಕೋರರ ಪಕ್ಷದವನು. ಆದರೂ ಜನ ಅವನನ್ನು ಮೆಚ್ಚಿದರು. ಹೊರಗಿನವನೊಬ್ಬ ತಮ್ಮ ಪ್ರೀತಿಯ ಹುಡುಗನಷ್ಟೇ ಎತ್ತರಕ್ಕೆ ಹಾರಬಲ್ಲನೆಂದು ಕಣ್ಣಾರೆ ಕಂಡಾಗ ಜನಕ್ಕೆ ಪಕ್ಷ ಮರೆತುಹೋಗುತ್ತದೆ. ಆ ಇಡೀ ವರ್ಷದಲ್ಲಿ ಎರಡು ಮೇಳಗಳಿವೆ ಎಂಬ ಭಾವನೆ ನನಗೆ ಬಂದದ್ದು ಆ ಒಂದು ಕುಸ್ತಿಯಲ್ಲಿ.

ಕೊನೆಯದು ಐವರಿಗೆ ಐವರು. ಎದುರು ಬಣದ ಐವರನ್ನು ಎಣಿಸಿ ನೋಡಿ. ಬುಕರ್ ಟಿ, ಪೇಜ್, ರೈನೊ, ಡಡ್ಲಿ ಸೋದರರಿಬ್ಬರು. ಡಡ್ಲಿಗಳು 1999ರಿಂದಲೂ, ರೈನೊ ಆ ವರ್ಷದ ಆರಂಭದಿಂದಲೂ ಫೆಡರೇಶನ್ನಿನಲ್ಲೇ ಸಂಬಳ ಎಣಿಸುತ್ತಿದ್ದವರು. ಅಂದರೆ ಅಟ್ಲಾಂಟಾದವರೆಂದು ಉಳಿದವರು ಇಬ್ಬರೇ. ಅವರಾದರೂ ತಮ್ಮ ಬಲದಿಂದ ಗೆದ್ದರೇ? ಇಲ್ಲ. ಫೆಡರೇಶನ್ನಿನ ಅತಿ ದೊಡ್ಡ ಪೈಲ್ವಾನ ಸ್ಟೀವ್ ಆಸ್ಟಿನ್ ತನ್ನದೇ ಪಕ್ಷದ ಕರ್ಟ್ ಆಂಗಲ್‌ಗೆ ದ್ರೋಹ ಬಗೆದು ಕೆಡವಿದ ಮೇಲೆ ಬುಕರ್ ಟಿ ಅವನನ್ನು ಚಿತ್ ಮಾಡಿದ. ಆಸ್ಟಿನ್ ದಾಳಿಕೋರರ ನಾಯಕನಾದ. ಗಾಯಗೊಂಡು ಮನೆಯಲ್ಲಿದ್ದ ಇದೇ ಆಸ್ಟಿನ್‌ನನ್ನು 1995ರಲ್ಲಿ ಕೆಲಸದಿಂದ ತೆಗೆದುಹಾಕಿದ್ದು ಅಟ್ಲಾಂಟಾದ ಕಂಪೆನಿಯೇ ಎಂಬುದನ್ನು ಆ ಕಥೆ ಬರೆದವರು ಮರೆತಿರಲಾರರು. ಸತ್ತ ಕಂಪೆನಿಯ ಧ್ವಜ ಹಿಡಿಯಲು ಅದೇ ಕಂಪೆನಿ ಹೊರದಬ್ಬಿದವನನ್ನು ಕೂರಿಸಿದರು. ಆ ರಾತ್ರಿ ಪ್ರತ್ಯೇಕ ಹಣ ತೆತ್ತು ನೋಡಿದವರ ಸಂಖ್ಯೆ ಏಳು ಲಕ್ಷ ಮೀರಿತ್ತು. ಅಷ್ಟು ಜನ ನಿಜವಾದ ಜೋಡಾಟ ನೋಡಲು ಕಾದಿದ್ದರೆಂಬುದೇ ಅದರ ಅರ್ಥ.

ಯಜಮಾನನಿಗೆ ಏಕೆ ಹೀಗೆ ಮಾಡಬೇಕಾಯಿತು? ಎದುರು ಪಕ್ಷವನ್ನು ಸಮಬಲವೆಂದು ತೋರಿಸಿದ್ದರೆ ಲಾಭವೂ ಅವನದೇ ಆಗುತ್ತಿತ್ತು. ಲಾಭ ಗೊತ್ತಿದ್ದೂ ಕೈಬಾರದ ಕೆಲಸ ಅದು. ಈ ಮಾತನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುವ ಕಡೆಗೆ ಇನ್ನೊಂದು ಕಚೇರಿಯನ್ನು ತಂದು ಸೇರಿಸಿದರು. ಎರಡೂ ಕಡೆಯವರ ಒಟ್ಟು ಜ್ಯೇಷ್ಠತಾ ಪಟ್ಟಿ ಆಗಬೇಕಿತ್ತು. ಪಟ್ಟಿ ಮಾಡಿದವರು ನಮ್ಮ ಕಡೆಯವರು. ಟೈಪು ಮಾಡಿದವನು ನಾನು. ನನಗಿಂತ ಆರು ವರ್ಷ ಮೊದಲು ಸೇವೆಗೆ ಸೇರಿದ್ದ ಒಬ್ಬರು, ಸೇರ್ಪಡೆಯ ದಿನಾಂಕದಿಂದ ಲೆಕ್ಕ ಹಿಡಿದ ಕಾರಣ, ನನಗಿಂತ ಹನ್ನೊಂದು ಹೆಸರು ಕೆಳಗೆ ಬಂದರು. ನಿಯಮ ಇತ್ತು, ಇನ್ನೊಂದು ನಿಯಮವೂ ಇತ್ತು. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟಿದ್ದರು. ಅವರ ಅರ್ಜಿಯನ್ನು ಫೈಲಿಗೆ ಸೇರಿಸಿ ಪುಟಸಂಖ್ಯೆ ಹಾಕಿದವನೂ ನಾನೇ. ತಮ್ಮ ಹಳೆಯ ಕಚೇರಿಯ ಮೊಹರನ್ನು ಅವರು ಬಹಳ ದಿನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು. ಅವರು ನಿವೃತ್ತರಾದ ದಿನ ಕೈಕುಲುಕಿದೆ, ಬೇರೇನೂ ಮಾತನಾಡಲಾಗಲಿಲ್ಲ.

ಇರಲಿ. ಆ ನಕಲಿ ಯುದ್ಧ ಮುಗಿದದ್ದು 2001ರ ನವೆಂಬರ್ 18ರಂದು. ಸೋತ ಬಣ ಶಾಶ್ವತವಾಗಿ ಮುಚ್ಚಬೇಕೆಂಬ ಪಂದ್ಯ. ಆ ಹೊತ್ತಿಗೆ ದಾಳಿಕೋರರ ಐವರಲ್ಲಿ ಆಸ್ಟಿನ್, ಆಂಗಲ್, ಮತ್ತು ಸ್ವತಃ ಯಜಮಾನರ ಮಗ ಶೇನ್! ಹೊರಗಿನವರು ಬುಕರ್ ಟಿ, ವ್ಯಾನ್ ಡ್ಯಾಮ್ ಇಬ್ಬರೇ. ಆಂಗಲ್ ಮತ್ತೆ ಪಕ್ಷ ಬದಲಿಸಿ, ದಿ ರಾಕ್ ಆಸ್ಟಿನ್‌ನನ್ನು ಚಿತ್ ಮಾಡಿದ. ಅದೇ ರಾತ್ರಿ ಇನ್ನೊಂದು ಪಂದ್ಯದ ಬಹುಮಾನ, ಗೆದ್ದವನನ್ನು ಒಂದು ವರ್ಷ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಭರವಸೆ! ಅದನ್ನು ಗೆದ್ದವನೂ ಫೆಡರೇಶನ್ನಿನಿಂದ ಪಕ್ಷಾಂತರ ಮಾಡಿದ್ದ ಟೆಸ್ಟ್ ಎಂಬಾತ.

ಇದೆಲ್ಲ ನಡೆದ ಸ್ಥಳ ಉತ್ತರ ಕೆರೊಲೈನಾದ ಗ್ರೀನ್ಸ್‌ಬರೋ. ಅದು ಹಳೆಯ ಕ್ರಾಕೆಟ್ ಕುಟುಂಬದ ಸೀಮೆ. 'ಸ್ಟಾರ್‌ಕೇಡ್' ಎಂಬ ಅವರ ಮಹೋತ್ಸವ 1983ರಲ್ಲಿ ಮೊದಲು ನಡೆದದ್ದು ಅದೇ ಕೊಲಿಸಿಯಮ್ಮಿನಲ್ಲಿ. 1988ರ ಮಾರ್ಚಿಯಲ್ಲಿ ಸ್ಟಿಂಗ್ ಎಂಬ ಹೊಸ ಹುಡುಗ ಚಾಂಪಿಯನ್ ಫ್ಲೇರ್ ಎದುರು 45 ನಿಮಿಷ ನಿಂತು ಸಮ ಮಾಡಿಕೊಂಡದ್ದೂ ಅಲ್ಲೇ. ಸತ್ತವನನ್ನು ಅವನ ಮನೆಯ ಅಂಗಳದಲ್ಲೇ ಸುಟ್ಟಂತಾಯಿತು.

ಆ ಸ್ಟಿಂಗ್ 2001ರಲ್ಲಿ ಬರಲಿಲ್ಲ ಎಂದೆನಷ್ಟೆ. ಅವನು ಮೆಕ್‌ಮಹಾನರ ರಿಂಗು ಹತ್ತಿದ್ದು 2014ರಲ್ಲಿ. ಮರುವರ್ಷ ಮಾರ್ಚ್ 29ರಂದು ಅವರ ಅತಿ ದೊಡ್ಡ ಉತ್ಸವದಲ್ಲಿ ಯಜಮಾನರ ಅಳಿಯ ಟ್ರಿಪಲ್ ಎಚ್ ಎದುರು ಕಣಕ್ಕಿಳಿದಾಗ, ಕಂಪೆನಿ ಮುಚ್ಚಿ 14 ವರ್ಷವಾಗಿದ್ದರೂ ಮತ್ತೆ ಅದೇ ಎರಡು ಬಣಗಳ ಯುದ್ಧವೆಂದು ಹಳೆಯ ಮಲ್ಲರನ್ನೆಲ್ಲ ಓಡಿಸಿಕೊಂಡು ಬಂದರು. ಗೆದ್ದವನು ಅಳಿಯ. ಕೊನೆಗೆ ಇಬ್ಬರೂ ಕೈಕುಲುಕಿದರು.

ಊರಿಗೆ ಹೋದಾಗ ಮಾವನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಆ ಮುಖಕ್ಕೆ ಬಣ್ಣ ಹಚ್ಚುವವನಿಗೆ ಬೇರೆ ಮೇಳ ಸಿಗ್ಲಿಲ್ವೋ?" ಎಂದು ಕೇಳಿದರು. ಸಿಕ್ಕಿತು. ಹೊಸದೊಂದು ಕಂಪೆನಿ 2019ರಲ್ಲಿ ಎದ್ದಿತು, ಬೇರೆ ಯಜಮಾನನದು. 2024ರ ಮಾರ್ಚ್ 3ರಂದು, 64ನೆಯ ವಯಸ್ಸಿನಲ್ಲಿ, ಸ್ಟಿಂಗ್ ತನ್ನ ಕೊನೆಯ ಕುಸ್ತಿಯನ್ನು ಆ ಕಂಪೆನಿಯ ರಿಂಗಿನಲ್ಲಿ ಆಡಿದ. ಗ್ರೀನ್ಸ್‌ಬರೋದ ಅದೇ ಕೊಲಿಸಿಯಮ್ಮಿನಲ್ಲಿ. ಇಬ್ಬರು ಗಂಡುಮಕ್ಕಳು ಅವನ ಹಳೆಯ ವೇಷಗಳನ್ನು ತೊಟ್ಟು ಬಂದಿದ್ದರು. ಫ್ಲೇರ್ ಕೂಡ ಇದ್ದ. ಆ ದಿನ ಸ್ಟಿಂಗ್ ಗೆದ್ದ.