ಮುಂಬಯಿಯ ಮಾಳಿಗೆಗಳಲ್ಲಿ ಪಾರಿವಾಳದ ಪಂದ್ಯ

ಪಾರಿವಾಳದ ಪಂದ್ಯವೆಂಬ ಒಂದೇ ಹೆಸರಿನಡಿ ಭಾರತದಲ್ಲಿ ಎರಡು ಆಟಗಳು ನಡೆದುಬಂದಿವೆ. ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಮ್ಮಿನಲ್ಲಿ ರೂಪುಗೊಂಡು ಈಗ ಚೆನ್ನೈ, ಬೆಂಗಳೂರುಗಳಲ್ಲಿ ನೆಲೆಯೂರಿರುವ ಮೊದಲನೆಯದರಲ್ಲಿ, ಮನೆಯ ದಾರಿಯನ್ನು ಮರೆಯದ 'ಹೋಮರ್' ತಳಿಯ ಹಕ್ಕಿಗಳನ್ನು ನೂರಾರು ಕಿಲೋಮೀಟರ್ ದೂರಕ್ಕೊಯ್ದು ಬಿಟ್ಟು, ಅವು ಗೂಡಿಗೆ ಮರಳಿದ ವೇಗವನ್ನು ಅಳೆಯುತ್ತಾರೆ. ಮುಂಬಯಿಯ ಹಳೆಯ ಮೊಹಲ್ಲಾಗಳು ಉಳಿಸಿಕೊಂಡಿರುವ ಕಬೂತರ್‌ಬಾಜಿಯಲ್ಲಾದರೋ ಹಕ್ಕಿಯು ತನ್ನ ಮಾಳಿಗೆಯ ನೆತ್ತಿಯ ಮೇಲೆ ಎಷ್ಟು ಹೊತ್ತು ಹಾರುತ್ತದೆ ಎಂಬುದೇ ಗೆಲುವಿನ ಮಾನದಂಡ.

ಈ ಆಟದ ಹಿರಿಮೆ ಮೊಘಲರ ಕಾಲದ್ದು. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದೂ, ಅವುಗಳ ಹಾರಾಟವನ್ನು ಬಾದಶಹನು 'ಇಶ್ಕ್‌ಬಾಜಿ', ಅಂದರೆ ಪ್ರೇಮದಾಟವೆಂದು ಕರೆದನೆಂದೂ ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ. ಅರಮನೆಯಲ್ಲಿ ಮೆರೆದ ಆ ವಿದ್ಯೆ ಮುಂದೆ ಬೀದಿಯ ಜನರದಾಗಿ, ಉಸ್ತಾದನಿಂದ ಶಾಗಿರ್ದನಿಗೆ, ಎಂದರೆ ಗುರುವಿನಿಂದ ಶಿಷ್ಯನಿಗೆ, ಬಾಯಿಮಾತಿನಲ್ಲೇ ದಾಟಿಬಂದಿದೆ. ಕಾಳಿನ ಪ್ರಮಾಣವನ್ನು ಹದವರಿತು ನೀಡುವುದು, ದಿನದಿನಕ್ಕೂ ಹಾರಾಟದ ಅವಧಿಯನ್ನು ಹೆಚ್ಚಿಸುವುದು, ಕೂಗಿಗೂ ಸಿಳ್ಳಿಗೂ ಓಗೊಡುವಂತೆ ಪಳಗಿಸುವುದು ಈ ವಿದ್ಯೆಯ ಸಾರ. ಪಂದ್ಯದ ದಿನ ಮುಂಜಾನೆ ಹಾರಿಬಿಟ್ಟ ಹಕ್ಕಿಗಳನ್ನು ತೀರ್ಪುಗಾರರು ಕಾಯುತ್ತಾರೆ. ನುರಿತ ಹಕ್ಕಿಗಳು ಗಂಟೆಗಟ್ಟಲೆ ಮುಗಿಲಲ್ಲೇ ಉಳಿಯುತ್ತವೆ.

ಆದುದರಿಂದ ಈ ಆಟಕ್ಕೆ ಮೈದಾನ ಬೇಕಿಲ್ಲ, ಮಾಳಿಗೆ ಬೇಕು; ಅದರ ಭವಿಷ್ಯ ಅನಿಶ್ಚಿತವಾಗಿರುವುದೂ ಅಲ್ಲಿಯೇ. 1995ರಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಸ್ಥಾಪನೆಯಾದ ಮೇಲೆ ಗುಡಿಸಲುಗಳೂ, ಇತರ ಪುನರಭಿವೃದ್ಧಿ ಯೋಜನೆಗಳಲ್ಲಿ ಹಳೆಯ ಚಾಳುಗಳೂ ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಡುತ್ತಿವೆ. ಅಲ್ಲಿನ ತಾರಸಿ ಒಂದು ಕುಟುಂಬದ ಸ್ವತ್ತಲ್ಲವಾದ್ದರಿಂದ ಗೂಡು ಕಟ್ಟಲು ಸೊಸೈಟಿಯ ಒಪ್ಪಿಗೆ ದೊರೆಯುವುದು ಕಷ್ಟ. 2025ರಲ್ಲಿ ದಾದರಿನದೂ ಸೇರಿದಂತೆ ನಗರದ ಕಬೂತರ್‌ಖಾನೆಗಳನ್ನು, ಅಂದರೆ ಬೀದಿಯ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳನ್ನು, ಮುಚ್ಚಲು ಸರ್ಕಾರ ಮುಂದಾದಾಗ ಎದ್ದ ವಿವಾದ ಪಾರಿವಾಳದ ಬಗೆಗಿನ ಸಾರ್ವಜನಿಕ ಅಳುಕನ್ನು ಹೆಚ್ಚಿಸಿತು. ಆ ಅಳುಕು ನಿರಾಧಾರವಲ್ಲ: ಹಿಕ್ಕೆ ಮತ್ತು ಗರಿಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಒಂದು ವ್ಯಾಧಿಯನ್ನು ವೈದ್ಯಶಾಸ್ತ್ರವು ಪಾರಿವಾಳ ಸಾಕುವವರ ಹೆಸರಿನಿಂದಲೇ ಗುರುತಿಸುತ್ತದೆ.

ಆದರೂ ಎಣಿಕೆಯಿಲ್ಲದೆ ಬೆಳೆಯುವ ಬೀದಿಯ ಹಿಂಡನ್ನೂ, ಒಡೆಯನ ಆರೈಕೆಯಲ್ಲಿರುವ ಎಣಿಸಿದ ಹಕ್ಕಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಗೂಡುಗಳ ನೋಂದಣಿ, ದಿನನಿತ್ಯದ ಶುಚಿತ್ವ, ಸಾಕುವವರ ಶ್ವಾಸಕೋಶ ತಪಾಸಣೆ, ವಸತಿಯಿಂದ ದೂರವಿರುವ ಸಾಮೂಹಿಕ ಗೂಡು, ಇವು ಪಾಲಿಕೆಯೂ ಸಾಕುವವರೂ ಕೂಡಿ ಸಾಧಿಸಬಹುದಾದ ಸಂಗತಿಗಳು. ಬರಹಕ್ಕಿಳಿಯದ ಈ ಜ್ಞಾನವನ್ನು ಹಿರಿಯ ಉಸ್ತಾದರು ಇರುವಾಗಲೇ ದಾಖಲಿಸುವುದು ನಗರದ ಇತಿಹಾಸಕಾರರ ಹೊಣೆ.